ತೂಬು ತೆರೆದಿದೆ, ನೀರಿಲ್ಲ

ದ್ವಿತೀಯ ಪಿಯುಸಿಯಲ್ಲಿ ಜೀನ್ ನಿಯಂತ್ರಣ ಎಂದರೆ ನಮಗೆ ಲ್ಯಾಕ್ ಒಪೆರಾನ್. ಬ್ಯಾಕ್ಟೀರಿಯಾ, ಲ್ಯಾಕ್ಟೋಸ್, ಒಂದು ಚಿತ್ರ, ಮುಗಿಯಿತು. ಇದರ ಜೊತೆಗೆ ನಮ್ಮದೇ ಮೈಯ ಉದಾಹರಣೆಯೊಂದಕ್ಕೆ ಉಪನ್ಯಾಸಕರು ಒಂದು ಪೀರಿಯಡ್ ಕೊಡಬೇಕೆಂದು ನನ್ನ ಕೋರಿಕೆ. ಪರೀಕ್ಷೆಯ ಅಂಕಕ್ಕಾಗಿ ಅಲ್ಲ.

ಆಮ್ಲಜನಕ ಕಡಿಮೆಯಾದದ್ದು ಜೀವಕೋಶಕ್ಕೆ ಹೇಗೆ ತಿಳಿಯುತ್ತದೆ? ಇದನ್ನು ಬಿಡಿಸಿದ್ದಕ್ಕೆ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆನ್ಜಾ ಅವರಿಗೆ 2019ರ ನೊಬೆಲ್ ಬಂತು. ಕೋಶವು ‘ಹಿಫ್’ ಎಂಬ ಪ್ರೋಟೀನನ್ನು ಸದಾ ತಯಾರಿಸುತ್ತಲೇ ಇರುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ ಅದಕ್ಕೆ ಗುರುತು ಹಚ್ಚಿ ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ದಂಡದ ಕೆಲಸ ಅನ್ನಿಸಬಹುದು. ಆದರೆ ತುರ್ತಿನಲ್ಲಿ ಹೊಸದಾಗಿ ತಯಾರಿಸುತ್ತ ಕೂರಲಾಗದು. ಆಮ್ಲಜನಕ ಇಳಿದಾಗ ಗುರುತು ಬೀಳುವುದಿಲ್ಲ, ಹಿಫ್ ಉಳಿಯುತ್ತದೆ, ಕೋಶಕೇಂದ್ರಕ್ಕೆ ಹೋಗಿ ಡಿಎನ್‌ಎಗೆ ಅಂಟಿ ನೂರಾರು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಮೂತ್ರಪಿಂಡದಲ್ಲಿ ಹಾಗೆ ಚಾಲೂ ಆಗುವ ಒಂದು ಜೀನ್‌ನಿಂದ ಎರಿತ್ರೋಪೊಯೆಟಿನ್ ಹುಟ್ಟುತ್ತದೆ. ಅಸ್ಥಿಮಜ್ಜೆಗೆ ಅದರ ಆದೇಶ: ಕೆಂಪು ರಕ್ತಕಣ ಮಾಡು.

ಮಾಡುವುದು ಯಾವುದರಿಂದ? ಒಂದೊಂದು ಹಿಮೋಗ್ಲೋಬಿನ್ ಅಣುವಿಗೂ ನಾಲ್ಕು ಕಬ್ಬಿಣದ ಪರಮಾಣು ಬೇಕು. ಅಂಜನಾಪುರ ಜಲಾಶಯದ ತೂಬು ಎತ್ತಿದರೂ ಒಳಗೆ ನೀರಿಲ್ಲದಿದ್ದರೆ ನಾಲೆಗೆ ಏನು ಬಂದೀತು? ಕಬ್ಬಿಣದ ಕೊರತೆಯಿರುವ ಹುಡುಗಿಯ ಜೀನ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ರಕ್ತ ಮಾತ್ರ ಏರುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆಯಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನದ ತರಗತಿಯಲ್ಲಿ ತೂಕಡಿಕೆ. ಇವನ್ನು ಸೋಮಾರಿತನ ಎಂದುಬಿಡುವುದು ಸುಲಭ.

ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಬೆರಳಿನ ಯಂತ್ರ ಇದನ್ನು ಹಿಡಿಯುವುದಿಲ್ಲ. ಇರುವ ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ಆಮ್ಲಜನಕ ಹೊತ್ತಿದೆ ಎಂಬುದಷ್ಟೇ ಅದರ ಲೆಕ್ಕ. ಹಿಮೋಗ್ಲೋಬಿನ್ ಎಂಟಕ್ಕಿಳಿದಿದ್ದರೂ ಅದು 98 ಎಂದು ತೋರಿಸೀತು.

ಆದ್ದರಿಂದ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ನಡೆಯಲಿ, ಹುಡುಗರಿಗೂ. ಫಲಿತಾಂಶವನ್ನು ನೋಟಿಸ್ ಬೋರ್ಡಿಗೆ ಹಾಕದೆ ಅವರವರ ಕೈಗೇ ಕೊಡಲಿ. ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಲ್ಲ, ಹಾಗಾಗಿ ಮಾತ್ರೆ ವೈದ್ಯರು ಹೇಳಿದ ಮೇಲೆಯೇ. ಹೇಳಿದ ಮೇಲೆ, ಬಾಯಿ ಕಹಿ ಎಂದು ಕಿಟಕಿಯಾಚೆ ಎಸೆಯುವುದು ಬೇಡ. ರಂಜಾನ್‌ನಲ್ಲಿ ಇಫ್ತಾರ್ ನಂತರ ನುಂಗಬಹುದು, ನಿಂಬೆ ಶರಬತ್ತು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಚಹಾ ಮಾತ್ರ ಕಬ್ಬಿಣ ಹೀರಿಕೊಳ್ಳುವುದಕ್ಕೆ ಅಡ್ಡಿ. ಅದು ಒಂದೆರಡು ಗಂಟೆ ಕಾಯಲಿ.