ಪಡಸಾಲೆಯ ಮಾತು: ಕೈಯ ದೋಷವೋ, ಮೋಟಾರಿನ ದೋಷವೋ?

ಬೇಗಂ ಬಜಾರಿಗೆ ಹೋದವರು ಪಟ್ಟಿಯಲ್ಲಿದ್ದುದನ್ನಷ್ಟೇ ಕೊಂಡು ಮರಳಿದ ಉದಾಹರಣೆ ನಮಗಂತೂ ಗೊತ್ತಿಲ್ಲ. ಎರಡನೆಯ ಆಸಫ್ ಜಾ ನಿಜಾಂ ಅಲಿ ಖಾನರ ಪತ್ನಿ ಹುಮ್ದಾ ಬೇಗಂ ವರ್ತಕರಿಗೆ ಬಿಟ್ಟುಕೊಟ್ಟ ನೆಲವಂತೆ ಅದು. ಅಂದಿನಿಂದಲೂ ಅಲ್ಲಿ ಹೆಂಗಸರ ಮಾತೇ ನಡೆಯತಕ್ಕದ್ದೆಂದು ನಮ್ಮ ಮನೆಯವರ ವಾದ. ಈ ಬೇಸಗೆಯಲ್ಲಿ ಗೋಡಂಬಿಗೂ ಹಿತ್ತಾಳೆಯ ಪಾತ್ರೆಗೂ ಹೋದ ನಾವು, ರಜಕ್ಕೆಂದು ಕಲಬುರಗಿಯಿಂದ ಬಂದಿದ್ದ ಅಕ್ಕನ ಮಗನಿಗೆ ರೇಡಿಯೋದಿಂದ ಓಡುವ ಪಂದ್ಯದ ಮೋಟಾರೊಂದನ್ನೂ ಹೊತ್ತು ತಂದೆವು.

ಇದು ಕೀಲಿ ಕೊಟ್ಟು ಬಿಡುವ ಆಟಿಕೆಯಲ್ಲ. ಜಪಾನಿನ ತಮಿಯಾ ಕಂಪನಿಯವರು ೧೯೭೬ರಲ್ಲಿ ಪೋರ್ಷೆ ೯೩೪ರ ಪುಟ್ಟ ಮಾದರಿಯನ್ನು ರೇಡಿಯೋ ಹಿಡಿತಕ್ಕೆ ಒಳಪಡಿಸಿ ಮಾರಿದರು. ನಮ್ಮದು ಆ ವಂಶದ ಬಡ ನೆಂಟ. ಆದರೂ ನಾಲ್ಕು ಚಕ್ರಕ್ಕೂ ಪ್ರತ್ಯೇಕ ಸ್ಪ್ರಿಂಗುಗಳುಂಟು.

ಓಣಿಯ ಹುಡುಗರು ಮಾಳಿಗೆಯ ಮೇಲೆ ಸುಣ್ಣದ ಗೆರೆ ಎಳೆದು, ಭಾನುವಾರ ಪಂದ್ಯವೆಂದು ಸಾರಿದ್ದರು. ನಮ್ಮವನ ಮೋಟಾರು ಬಲಕ್ಕೆ ತಿರುಗಿಸಿದೊಡನೆ ಬಾಲ ಬೀಸಿ ಬುಗುರಿಯಂತೆ ಸುತ್ತುವುದು; ಎಡಕ್ಕೆ ತಿರುಗಿಸಿದರೆ ಹಟಮಾರಿ ಎತ್ತಿನಂತೆ ನೆಟ್ಟಗೆ ಹೋಗಿ ಗೋಡೆಗೆ ಹಾಯುವುದು. ಹುಡುಗರು ನಕ್ಕರು. ನಾವೂ ಸುಮ್ಮನಿರದೆ, ಮೊದಲು ಕೈ ಹಿಡಿತ ಕಲಿ ಎಂದು ಗದರಿದೆವು. ಶುಕ್ರವಾರ ರಾತ್ರಿ ಆತ ತಟ್ಟೆ ಬಿಟ್ಟೆದ್ದು, “ಮಾಮಾ, ನನಗ ಓಡಸ್ಲಿಕ್ಕ ಬರಂಗಿಲ್ಲ. ನಾಳೆ ಬಸ್ಸಿಗಿ ಊರಿಗಿ ಹೋಗ್ತೀನಿ” ಎಂದ.

ಆಗ ನಮಗೆ ಎಚ್ಚರವಾಯಿತು. ಹುಡುಗನ ಕೈ ಕೆಟ್ಟದ್ದಾಗಿದ್ದರೆ ಎರಡೂ ಕಡೆ ಕೆಡಬೇಕಲ್ಲವೆ?

ಮನೆಯಲ್ಲಿ ಇಂಥ ಮೋಟಾರುಳ್ಳ ವಾಚಕರಿಗೆ ಎರಡು ಮಾತು. ಎರಡೂ ಕಡೆ ಬಾಲ ಬೀಸಿದರೆ ಹಿಂದಿನ ಟಯರುಗಳಿಗೆ ಹಿಡಿತ ಸಾಲದು; ಎರಡೂ ಕಡೆ ತಿರುಗಲೊಲ್ಲದಿದ್ದರೆ ಮುಂದಿನವಕ್ಕೆ ಸಾಲದು. ಮೊದಲು ಧೂಳು ಒರೆಸಿ ನೋಡಿ. ಆಮೇಲೆ ಆ ಕಡೆಗೆ ಮೆತ್ತನೆಯ ಸ್ಪ್ರಿಂಗು. ನೇರ ದಾರಿಯಲ್ಲೇ ಪಕ್ಕಕ್ಕೆ ಎಳೆದರೆ ರಿಮೋಟಿನ ಟ್ರಿಮ್ ಗುಂಡಿಯನ್ನು ತುಸು ತಿರುವಬೇಕು. ಚಕ್ರದ ಅಚ್ಚಿಗೆ ಕೂದಲು ಸುತ್ತಿದೆಯೇ ಎಂದೂ ನೋಡಬೇಕು. ಆದರೆ ಎಡಕ್ಕೊಂದು ನಡತೆ, ಬಲಕ್ಕೊಂದು ನಡತೆಯಾದರೆ ನಾಲ್ಕು ಚಕ್ರಗಳ ಮೇಲೆ ಭಾರ ಸರಿಯಾಗಿ ಹಂಚಿಲ್ಲವೆಂದೇ ತಿಳಿಯಬೇಕು.

ಶನಿವಾರ ಬೆಳಿಗ್ಗೆ ಹುಡುಗನನ್ನು ಎಬ್ಬಿಸಿ, ಮೋಟಾರನ್ನು ಅಡಿಗೆಮನೆಯ ಕಡಪಾ ಕಲ್ಲಿನ ಮೇಲಿಟ್ಟು, ಮುಂಭಾಗದ ನಟ್ಟನಡುವೆ ಚಾಕುವಿನ ತುದಿ ಕೊಟ್ಟು ಮೆಲ್ಲಗೆ ಎತ್ತಿದೆವು. ಮುಂದಿನ ಎರಡು ಚಕ್ರಗಳೂ ಒಟ್ಟಿಗೆ ಕಲ್ಲು ಬಿಡಬೇಕು. ಎಡಗಡೆಯದು ಮೊದಲೆದ್ದಿತು. ಸ್ವಾರಸ್ಯವೆಂದರೆ, ಎದ್ದುದು ಮುಂದಿನ ಚಕ್ರವಾದರೂ ದೋಷ ಹಿಂದಿನದು. ಮೂತಿಯನ್ನು ಒಂದೇ ಬಿಂದುವಿನ ಮೇಲೆ ನಿಲ್ಲಿಸಿದಾಗ ಗಾಡಿ ಎತ್ತ ವಾಲಬೇಕೆಂಬುದನ್ನು ಹಿಂದಿನ ಸ್ಪ್ರಿಂಗುಗಳೇ ತೀರ್ಮಾನಿಸುವುವು. ಹಿಂದಿನ ಎಡಮೂಲೆ ಎತ್ತರವಾದರೆ ಗಾಡಿ ಬಲಕ್ಕೆ ವಾಲಿ, ಮುಂದಿನ ಎಡಚಕ್ರ ಎದ್ದುಕೊಳ್ಳುವುದು. ಮಂಚದ ಒಂದು ಕಾಲಿಗೆ ಚಕ್ಕೆ ಕೊಟ್ಟರೆ ಆ ಕಾಲೂ ಅದರ ಎದುರು ಮೂಲೆಯ ಕಾಲೂ ಭಾರವೆಲ್ಲ ಹೊರುವುವಲ್ಲ, ಹಾಗೆ.

ತಿರುವಿ ನೋಡಿದೆವು. ಸ್ಪ್ರಿಂಗನ್ನು ಬಿಗಿಮಾಡಲು ಸಿಕ್ಕಿಸುವ ಪ್ಲಾಸ್ಟಿಕ್ ಬಿಲ್ಲೆ ಹಿಂದಿನ ಬಲಕ್ಕೆ ಒಂದಿದ್ದರೆ ಎಡಕ್ಕೆ ಎರಡು! ಅಂಗಡಿಯವನನ್ನು ಬಯ್ಯಲು ಬಾಯಿ ತೆರೆದವರು ಹಾಗೆಯೇ ಮುಚ್ಚಿದೆವು. ತಂದ ರಾತ್ರಿ, ಹುಡುಗ ಮಲಗಿದ ಮೇಲೆ, ಪೊಟ್ಟಣದಲ್ಲಿ ಒಂಟಿಯಾಗಿ ಉಳಿದಿದ್ದ ಬಿಲ್ಲೆಯನ್ನು ಕಂಡು, ಜೋಡಿಸುವವರು ಮರೆತರೆಂದು ಭಾವಿಸಿ ಅಲ್ಲಿ ಸಿಕ್ಕಿಸಿದವರು ನಾವೇ.

ಹೇಳದೆ ಇದ್ದುಬಿಡಬಹುದಾಗಿತ್ತು. ಆದರೆ ಮೂರು ದಿನ ತನ್ನ ಕೈಯನ್ನೇ ಹಳಿದುಕೊಂಡಿದ್ದ ಮಗು ಎದುರಿಗೇ ಕುಳಿತಿತ್ತು, ಹೇಳಿದೆವು. ಆತ ಒಂದು ನಿಮಿಷ ನಮ್ಮ ಮುಖ ನೋಡಿ, ಬಿಲ್ಲೆಯನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ.

ಭಾನುವಾರದ ಪಂದ್ಯದಲ್ಲಿ ಏಳು ಮಂದಿಯಲ್ಲಿ ಮೂರನೆಯವನಾದ. ಊರಿಗೆ ಹೊರಟಾಗ, ಆ ಬಿಲ್ಲೆ ಇಲ್ಲಿಯೇ ಇರಲಿ, ಮೋಟಾರು ಮುಂದಿನ ರಜಕ್ಕೆ ಇಲ್ಲಿಗೇ ಬರುವುದಲ್ಲ ಎಂದೆವು.

“ಬ್ಯಾಡ ಮಾಮಾ, ಇಲ್ಲಿಟ್ರ ನೀವು ಮತ್ತ ಹಾಕ್ತೀರಿ” ಎಂದ.