ಗೃಹವಿನೋದ: ಸುರುಳಿಯೊಳಗಿನ ನಗೆ

ಶಿವಮೊಗ್ಗೆಗೆ ಸಮೀಪವಾದ ಸೋಗಾನೆಯಲ್ಲಿ 2023ನೆಯ ಇಸವಿ ಫೆಬ್ರವರಿ 27ರಂದು ವಿಮಾನನಿಲ್ದಾಣದ ಉದ್ಘಾಟನೆಯಾದುದನ್ನು ವಾಚಕರೆಲ್ಲರೂ ಬಲ್ಲರು. ಆದರೆ ಅದಕ್ಕೆ ಬಹುಕಾಲ ಮುಂಚೆಯೇ ಈ ಸೀಮೆಯ ಮನೆಗಳಿಗೆ ಆಕಾಶಮಾರ್ಗವಾಗಿ ಬೇರೊಬ್ಬ ಅತಿಥಿಯ ಆಗಮನವಾಗಿದ್ದಿತು. 1965ರಲ್ಲಿ ಭದ್ರಾವತಿಯ ಆಕಾಶವಾಣಿ ಕೇಂದ್ರವು ಆರಂಭವಾಗಲು, ಸಂಗೀತ ವಾರ್ತೆಗಳೊಡನೆ ನಾಟಕವೂ ನಡುಮನೆಯನ್ನು ಹೊಕ್ಕಿತು. ತರುವಾಯ ಕ್ಯಾಸೆಟ್ಟು ಬಂದು, ನಗೆಯನ್ನು ಕ್ರಯಕ್ಕೆ ತಂದು ಬೀರುವಿನಲ್ಲಿಟ್ಟುಕೊಳ್ಳುವ ಅನುಕೂಲವೂ ಗೃಹಸ್ಥರಿಗೆ ಒದಗಿತು. ಆ ವಿಷಯವಾಗಿ ಈ ತಿಂಗಳು ಎರಡು ಮಾತು.

ಧ್ವನಿಮುದ್ರಿತವಾದ ಹಾಸ್ಯದಲ್ಲಿ ಎರಡು ಬಗೆಯುಂಟು. ಮೊದಲನೆಯದು ಸಭೆಯ ಹಾಸ್ಯ. ಮಾಸ್ಟರ್ ಹಿರಣ್ಣಯ್ಯನವರ (1934–2019) ‘ಲಂಚಾವತಾರ’ದ ಸುರುಳಿಗಳನ್ನು ಕೇಳಿದವರಿಗೆ ಇದರ ಸ್ವಾರಸ್ಯವನ್ನು ವಿವರಿಸಬೇಕಾದುದಿಲ್ಲ. ಬರೆದಿಟ್ಟ ಮಾತಿಗೆ ಕಟ್ಟುಬೀಳದೆ, ಆಯಾ ದಿನದ ರಾಜಕೀಯವನ್ನು ನಿಂತ ನಿಲುವಿನಲ್ಲಿಯೇ ನಾಟಕದೊಳಗೆ ಸೇರಿಸಿಬಿಡುವುದು ಅವರ ಪದ್ಧತಿ. ನಗೆ ಎದ್ದಾಗ ನಟನು ತಡೆಯುತ್ತಾನೆ. ಅದು ಇಳಿಯುವ ಹೊತ್ತಿಗೆ ಸರಿಯಾಗಿ ಮುಂದಿನ ಮಾತನ್ನು ಬಿಡುತ್ತಾನೆ. ಗಂಗಾವತಿ ಪ್ರಾಣೇಶರ ಹಾಸ್ಯಭಾಷಣಗಳದೂ ಇದೇ ಜಾತಿ. ಇಲ್ಲಿ ಸಭಿಕರ ನಗೆಯೂ ಕೃತಿಯ ಒಂದು ಅಂಗವೇ ಸರಿ.

ಎರಡನೆಯದು ಧ್ವನಿಮುದ್ರಣದ ಕೋಣೆಯಲ್ಲಿ ಹುಟ್ಟುವ ಹಾಸ್ಯ. ಬೆಂಗಳೂರು ಆಕಾಶವಾಣಿಯಲ್ಲಿ ‘ಈರಣ್ಣ’ನ ಪಾತ್ರದಿಂದ ಎ. ಎಸ್. ಮೂರ್ತಿಯವರು ಮನೆಮಾತಾದುದು ಈ ಬಗೆಯಿಂದ. ಕೋಣೆಯಲ್ಲಿ ಚಪ್ಪಾಳೆಯಿಲ್ಲ, ವೇಷವಿಲ್ಲ, ಮುಖಭಾವವೂ ಕಾಣದು. ಬಾಗಿಲ ಕಿರುಗುಟ್ಟುವಿಕೆ, ಹೆಜ್ಜೆಯ ಸಪ್ಪಳ, ದನಿಯ ಏರಿಳಿತ ಇವೇ ಸಾಮಗ್ರಿ. ಉಳಿದುದೆಲ್ಲವನ್ನೂ ಕೇಳುವವನು ತನ್ನ ಊಹೆಯಿಂದ ಕಟ್ಟಿಕೊಳ್ಳತಕ್ಕದ್ದು.

ಈ ಎರಡು ಗುಣಗಳೂ ಒಂದೆಡೆ ಕೂಡಿದುದಕ್ಕೆ ಅಮೆರಿಕದ ಬಾಬ್ ನ್ಯೂಹಾರ್ಟರು ಒಳ್ಳೆಯ ನಿದರ್ಶನ. 1960ರಲ್ಲಿ ಹ್ಯೂಸ್ಟನ್ ನಗರದ ಸಭೆಯೊಂದರಲ್ಲಿ ಮುದ್ರಿತವಾದ ಅವರ ತಟ್ಟೆಯು, ಮರುವರ್ಷ ಸಂಗೀತದ ತಟ್ಟೆಗಳನ್ನೆಲ್ಲ ಹಿಂದೆ ಹಾಕಿ ವರ್ಷದ ಶ್ರೇಷ್ಠ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು. ಒಬ್ಬರೇ ನಿಂತು ದೂರವಾಣಿಯಲ್ಲಿ ಮಾತಾಡುವಂತೆ ನಟಿಸಿ, ಆ ಬದಿಯ ಮಾತನ್ನೆಲ್ಲ ಕೇಳುವವರ ಊಹೆಗೇ ಬಿಡುವುದು ಅವರ ಪ್ರಸಿದ್ಧ ವರಸೆ.

ಮನೆಗೆ ಯಾವುದು ತಕ್ಕುದೆಂದರೆ, ಎರಡೂ ಬೆರೆತ ಸಂಗ್ರಹವೇ ಲೇಸು. ಹಬ್ಬದ ದಿನ ನೆಂಟರಿಷ್ಟರು ನೆರೆದಾಗ ಸಭೆಯ ಹಾಸ್ಯವು ಸೊಗಸು; ಬರಿಯ ಚಪ್ಪಾಳೆಯಿಂದ ಕಿವಿ ದಣಿದಾಗ ಕೋಣೆಯ ಪ್ರಹಸನವು ಹಿತ. ಆದರೆ ಒಂದು ಪರೀಕ್ಷೆಯನ್ನು ಮರೆಯಲಾಗದು. ಸಭೆಯಲ್ಲಿ ಆಡಿದ ಕುಂದುಮಾತು ಗಾಳಿಯಲ್ಲಿ ಹೋಗಿಬಿಡುತ್ತದೆ; ಸುರುಳಿಯಲ್ಲಿರುವುದು ಮರುದಿನವೂ ಅದನ್ನೇ ಆಡುತ್ತದೆ, ಮಕ್ಕಳು ಅದನ್ನೇ ಕಲಿಯುತ್ತಾರೆ. ಒಬ್ಬರ ಅಂಗವೈಕಲ್ಯವನ್ನೋ ಜಾತಿಯನ್ನೋ ಅತ್ತೆಸೊಸೆಯರ ಬಡತನವನ್ನೋ ಹಿಡಿದು ಎಬ್ಬಿಸಿದ ನಗೆ ಎರಡನೆಯ ಸಲಕ್ಕೆ ಕಹಿಯಾಗುತ್ತದೆ. ಲಂಚಕೋರನ ಠೀವಿಯನ್ನು ಕಂಡು ನಕ್ಕ ನಗೆಯಾದರೋ, ಲಂಚವಿರುವವರೆಗೂ ಹಳತಾಗದು.

ಕೊನೆಯದಾಗಿ ಒಂದು ಎಚ್ಚರಿಕೆ. ಆ ದಿನದ ಮಟ್ಟಿಗೆ ನಟನು ಸೇರಿಸಿದ ಮಾತು ಯಾವ ಮುದ್ರಿತ ಪುಸ್ತಕದಲ್ಲಿಯೂ ಸಿಕ್ಕದು. ಅದು ಉಳಿದಿದ್ದರೆ ಇಂಥ ಸುರುಳಿಗಳಲ್ಲಿಯೇ. ಮಲೆನಾಡಿನ ಮಳೆಗಾಲದ ತೇವಕ್ಕೆ ಅವು ಬೂಷ್ಟು ಹಿಡಿಯುವುದುಂಟು. ಒಣಗಿದ, ತಂಪಾದ ಕಡೆಯಲ್ಲಿ ನಿಲ್ಲಿಸಿಡಿರಿ, ಅಯಸ್ಕಾಂತದ ಬಳಿಯಲ್ಲಿಡಬೇಡಿರಿ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಸಣ್ಣ ಬಿಲ್ಲೆಗಳನ್ನು ಮುರಿದರೆ, ಕೈತಪ್ಪಿ ಅದರ ಮೇಲೆ ಬೇರೊಂದು ಮುದ್ರಣವಾಗುವ ಭಯವಿಲ್ಲ. ಬೂಷ್ಟು ಕಂಡರೆ ಯಂತ್ರಕ್ಕೆ ಹಾಕದೆ, ಬಲ್ಲವರಿಂದ ಶುಚಿಮಾಡಿಸಿ ಗಣಕಯಂತ್ರಕ್ಕೆ ಪ್ರತಿಯೆತ್ತಿಸಿರಿ. ಅಜ್ಜ ನಕ್ಕ ಮಾತಿಗೆ ಮೊಮ್ಮಗನೂ ನಗುವುದಾದರೆ ಅದೂ ಮನೆತನದ ಆಸ್ತಿಯೇ ಅಲ್ಲವೆ?