ಮೈಕು, ಮಿಕ್ಸಿ ಮತ್ತು ಬೇಸು
ಲಕ್ಷ ಸುರಿದು ಹೋಮ್ ಥಿಯೇಟರ್ ತಂದವರು ಮೈಕಿನಲ್ಲಿ ಕೋಣೆಯ ಸದ್ದು ಅಳೆದು ತಿದ್ದುವ ಆಡಿಸ್ಸಿಯನ್ನೋ ಡಿರಾಕ್ ಲೈವನ್ನೋ ಓಡಿಸಿ, ‘ಮೊದಲೇ ಚೆನ್ನಾಗಿತ್ತಲ್ಲ’ ಎಂದು ಮುಖ ಸಿಂಡರಿಸುವುದುಂಟು. ಬೈಗುಳ ಸಾಫ್ಟ್‌ವೇರಿಗೆ, ತಪ್ಪು ಹೆಚ್ಚಾಗಿ ಮೈಕ್ ಇಟ್ಟ ಜಾಗದ್ದು. ಸೋಫಾದ ಬೆನ್ನಿಗೆ ಒರಗಿಸಿಟ್ಟ ಮೈಕು ದಿಂಬಿಗೆ ಬಡಿದು ವಾಪಸಾದ ಸದ್ದನ್ನೂ ಅಳೆಯುತ್ತದೆ. ಟ್ರೈಪಾಡ್ ಮೇಲೆ, ಕೂತವರ ಕಿವಿಯ ಎತ್ತರಕ್ಕೆ ನಿಲ್ಲಿಸಬೇಕು. ಫ್ಯಾನು ಆರಿಸಬೇಕು, ಅಡುಗೆಮನೆಯ ಮಿಕ್ಸಿಗೂ ಅಷ್ಟು ಹೊತ್ತು ರಜೆ. ಎರಡು ಮೀಟರ್ ದೂರದ ಸಬ್‌ವೂಫರನ್ನು ಪರದೆ ನಾಲ್ಕು ಮೀಟರ್ ಎಂದು ತೋರಿಸಿದರೆ ಟೇಪು ಹಿಡಿದು ತಿದ್ದಲು ಹೋಗಬೇಡಿ: ಅದರೊಳಗಿನ ಸರ್ಕ್ಯೂಟು ಸದ್ದನ್ನು ತಡಮಾಡುವುದೂ ಆ ಲೆಕ್ಕದಲ್ಲಿ ಸೇರಿರುತ್ತದೆ. ನಿಜವಾದ ತಲೆನೋವು ಬೇಸ್‌ನದು. 4.3 ಮೀಟರ್ ಉದ್ದದ ಕೋಣೆಯಲ್ಲಿ 40 ಹರ್ಟ್ಸ್‌ನ ಅಲೆ ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಯ ಬಳಿ ಗುಂಯ್‌ಗುಡುವ ಅದು ನಟ್ಟನಡುವೆ ಕೂತವನಿಗೆ ಕೇಳಿಸುವುದೇ ಕಷ್ಟ. ಉಬ್ಬನ್ನು ಸಾಫ್ಟ್‌ವೇರ್ ತಗ್ಗಿಸೀತು, ಈ ತಗ್ಗನ್ನು ತುಂಬಲಾರದು. 10 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಕಕ್ಕಬೇಕು, ಹಾಗೆ ಹೆಚ್ಚಿದ ಅಲೆಯೂ ಅಲ್ಲೇ ರದ್ದಾಗುತ್ತದೆ. ಅದಕ್ಕಿಂತ ಕುರ್ಚಿಯನ್ನು ಎರಡಡಿ ಹಿಂದಕ್ಕೆ ಜರುಗಿಸಿ ಮತ್ತೆ ಅಳೆಯುವುದು ಮೇಲು. ಸಬ್‌ವೂಫರನ್ನೂ ಮೂಲೆಯಿಂದ ಎಬ್ಬಿಸಿ ನೋಡಬಹುದು, ಮನೆಯವರು ಒಪ್ಪಿದರೆ.